ನನ್ನನ್ನು ಯಾರ ಮನೆಯಲ್ಲಿ ಸಾಯಿಸಿದೆ?

ತಿರುಮಕೂಡಲು ನರಸೀಪುರ
೨೦-೧-೨೦೨೫, ಸೋಮವಾರ

ನನ್ನನ್ನು ಬಲು ಅಂದವಾಗಿ ಸಾಯಿಸಿದ ಮೊಮ್ಮಗಳು ಇಂದ್ರಾಣಿಗೆ, ಇನ್ನೂ ಸಾಯದ ನಿನ್ನ ಅಜ್ಜಿ ಸಾಕಮ್ಮ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ಬೇರೆಯವರು ಕಾಗದದಲ್ಲಿ ಇದನ್ನು ವಾಡಿಕೆಗೆ ಬರೆಯುತ್ತಾರೆ, ನಾನು ಸುದ್ದಿ ಅಂತ ಬರೆಯುತ್ತಿದ್ದೇನೆ. ಮಂಡಿ ನೋವಿದೆ, ಎಡಗಣ್ಣು ಮಂಜು, ನಾಲಿಗೆ ಮಾತ್ರ ಚೆನ್ನಾಗಿದೆ. ನಿನ್ನಮ್ಮ ತಮ್ಮನ ಹೆಂಡತಿಯ ಬಾಣಂತನ ಅಂತ ತಲಕಾಡಿನ ತವರಿಗೆ ಹೋದವಳು ಇನ್ನೂ ಬಂದಿಲ್ಲ. ನಿನ್ನಪ್ಪ ಪ್ರೇಮ್‌ಕುಮಾರ ಸ್ಕೂಲಿಗೆ ಹೋಗಿ ಪಾಠ ಮಾಡಿ ಬರುತ್ತಾನೆ, ಮನೆಗೆ ಬಂದು ನನಗೂ ಪಾಠ ಮಾಡುತ್ತಾನೆ. ಅದಕ್ಕೆ ನೀನೇ ಕಾರಣ. ಮುಂದೆ ಹೇಳುತ್ತೇನೆ.

ಫೋನಾದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ನಿನ್ನ ರೂಮಿಗೆ ಕಳಿಸಿದರೆ ದಿಂಬಿನ ಕೆಳಗೆ ಹಾಕಿ ಮಲಗುತ್ತೀಯ ಅಂತ ನಂಜನಗೂಡಿನ ಫ್ಯಾಕ್ಟರಿ ಆಫೀಸಿಗೇ ರಿಜಿಸ್ಟರ್ ಮಾಡಿಸುತ್ತಿದ್ದೇನೆ. ನಾಲ್ಕು ಜನರ ಎದುರು ಸಹಿ ಹಾಕಿ ಈಸಿಕೋ. ನನ್ನ ತವರೂರು ಹೆಡತಲೆಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ ನನ್ನದು, ಸಾಲು ಮೇಲೆ ಕೆಳಗೆ ಆಗುತ್ತದೆ. ನಿಧಾನವಾಗಿ ಓದು. ನಾನೂ ನಿಧಾನವಾಗಿಯೇ ಬರೆದಿದ್ದೇನೆ.

ಅವರೆಕಾಯಿ ಕಾಲ ಶುರುವಾದ ಹೊಸತು. ಬೆಳಗಿನ ಕೆಲಸ ಮುಗಿಸಿ ಹಜಾರದಲ್ಲಿ ಕಾಲು ಚಾಚಿಕೊಂಡು ಕಾಯಿ ಬಿಡಿಸುತ್ತಿದ್ದೆ. ಬೀದಿ ತಿರುವಿನಲ್ಲಿ ಹೆಂಗಸೊಬ್ಬಳು ಅಳುವುದು ಕೇಳಿತು. ಸುಮ್ಮನೆ ಅಳುವಲ್ಲ. ಸಾವಿನ ಮನೆಗೆ ಬರುವವರು ದೂರದಿಂದಲೇ ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅತ್ತುಕೊಂಡು ಬರುತ್ತಾರಲ್ಲ, ಆ ಅಳು. ಯಾರ ಮನೆಯಲ್ಲಪ್ಪ ಅಂತ ನಾನೂ ಎದ್ದೆ. ಬೀದಿಯಲ್ಲಿ ಸಾವಾದರೆ ನಮ್ಮದೂ ನಾಲ್ಕು ಹನಿ ಬೀಳಬೇಕಲ್ಲ, ಸೆರಗು ಬಾಯಿಗಿಟ್ಟುಕೊಂಡು ತಯಾರಾಗಿಯೇ ಹೊಸಿಲಿಗೆ ಬಂದೆ. ನೋಡಿದರೆ ಬಿಳಿಗೆರೆಯ ಚನ್ನಬಸಮ್ಮನೋರು. ಕೈಯಲ್ಲಿ ಸೇವಂತಿಗೆ ಹಾರ, ಕಂಕುಳಲ್ಲಿ ಊದುಬತ್ತಿ ಪೊಟ್ಟಣ. ನೇರ ನಮ್ಮ ಮನೆ ಕಡೆಗೇ ಬರುತ್ತಿದ್ದಾರೆ. ಏನು ಹೇಳಿಕೊಂಡು ಅಳುತ್ತಿದ್ದರು ಅನ್ನುವುದನ್ನು ಈಗಲೇ ಹೇಳುವುದಿಲ್ಲ. ಅದಕ್ಕೆ ಬೇರೆ ಜಾಗ ಇಟ್ಟಿದ್ದೇನೆ.

ನನ್ನನ್ನು ಕಂಡದ್ದೇ ಅವರ ರಾಗ ಅರ್ಧಕ್ಕೆ ನಿಂತಿತು.

"ಅಯ್ ನಿನ್ ಮನೆ ಕಾಯ್ವಾಗ! ಬದ್ಕಿದ್ದೀಯಾ?"

"ಊ ಕಣ್ರವ್ವಾ. ಅವರೆಕಾಯ್ ಬುಡಿಸ್ತಿವ್ನಿ" ಅಂದೆ.

"ಮತ್ತೆ ನಾನು ಬಿಳಿಗೆರೆಯಿಂದ ಬಸ್ನಲ್ಲಿ ಅಳ್ತಾ ಬಂದಿದ್ದು ಯಾರ್ಗೆ? ಕಂಡಕ್ಟ್ರು ಎದ್ದು ಸೀಟ್ ಬುಟ್ಕೊಟ್ಟ ಕಣೇ, ಪಾಪ!"

ಅಕ್ಕಪಕ್ಕದವರು ಆಗಲೇ ನೆರೆದಿದ್ದರು. ಚನ್ನಬಸಮ್ಮನೋರು ಸೊಂಟದ ಚೀಲದಿಂದ ಫೋನು ತೆಗೆದು ಎಲ್ಲರ ಮುಂದೆ ಹಿಡಿದರು. ನಮ್ಮ ನೆಂಟರ ಹುಡುಗ ಜಗನ್ ಮದುವೆಯಲ್ಲಿ ತೆಗೆದ ನನ್ನ ಫೋಟೊ. ಅದರ ಮೇಲೆ ದಪ್ಪಕ್ಷರದಲ್ಲಿ ಬರಹದ ಹೆಸರು, ಕೆಳಗೆ ನಿನ್ನ ಹೆಸರು, ನಡುವೆ ಅಜ್ಜಿ ಹೋದ ಶ್ರಾವಣದಲ್ಲಿ ತೀರಿಕೊಂಡರು ಅನ್ನುವ ಸಾಲು. "ನಿನ್ ಮೊಮ್ಮಗ್ಳೇ ಬರ್ದವ್ಳಲ್ಲೇ. ಇದು ನಿನ್ ಮಕ ಅಲ್ವಾ?" ಅಂದರು. ಬೀದಿಯವರು ಫೋನು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ನಿನ್ನಪ್ಪನ ಸ್ಕೂಟರ್ ತಿರುವಿನಲ್ಲಿ ಬಂತು.

ಇಂದ್ರಾ, ನಿನ್ನಪ್ಪನ ಸಿಟ್ಟು ನಿನಗಿಂತ ನನಗೆ ಗೊತ್ತು. ಏನಾದರೂ ಹೇಳಬೇಕಿತ್ತು, ಅವನು ಗಾಡಿ ನಿಲ್ಲಿಸುವುದರೊಳಗೆ ಹೇಳಬೇಕಿತ್ತು. ಬಾಯಿಗೆ ಬಂದದ್ದು ಕಾಗೆ.

ಬೌದ್ಧ ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಬೆಳೆದವಳು, ನಿನಗೆ ಗೊತ್ತಿರಲಿಕ್ಕಿಲ್ಲ. ಕಾಗೆ ಹಾರಿ ಬಂದು ತಲೆ ಮುಟ್ಟಿದರೆ ಆ ಮನುಷ್ಯನಿಗೆ ಸಾವು ಹತ್ತಿರ ಅಂತ ಹಿಂದಿನವರಿಗೆ ಹೆದರಿಕೆ. ಅದಕ್ಕೆ ಮಾಡುತ್ತಿದ್ದ ಉಪಾಯ, ಅವರು ಸತ್ತೇಹೋದರು ಅಂತ ನೆಂಟರಿಷ್ಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜ ಅಂತ ನಂಬಿ ಅತ್ತುಬಿಟ್ಟರೆ ಸಾವಿನ ಪಾಲು ಸಾವಿಗೆ ಸಂದ ಹಾಗೆ, ಕಂಟಕ ಕಳೆಯಿತು. ನಾನು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲ ಆಯಿತು. ಆವತ್ತು ಮಾತ್ರ ಎತ್ತಿಕೊಂಡೆ.

"ಕಾಗೆ ತಲೆ ಮುಟ್ತು ಕಣ್ರವ್ವಾ. ನಾನೇ ಮೊಮ್ಮಗೀಗೆ ಏಳ್ದೆ, ಸತ್ತೋದ್ಳು ಅಂತ ಸುದ್ದಿ ಕಳ್ಸು ಅಂತ. ಈಗಿನ್ ಐಕ್ಳು, ಕಾಗ್ದ ಬರೀತಾವಾ? ಫೋನ್ಗೆ ಆಕವ್ಳೆ" ಅಂದೆ.

ಬೀದಿಯವರು ಓ ಅಂದರು. ಚನ್ನಬಸಮ್ಮನೋರಿಗಂತೂ ಸಮಾಧಾನವಲ್ಲ, ಹೆಮ್ಮೆಯೇ ಬಂತು. "ಅಂಗಾದ್ರೆ ನಾನ್ ಅತ್ತಿದ್ದು ದಂಡ ಆಗ್ನಿಲ್ಲ. ನಾನ್ ಅತ್ತಿದ್ಕೇ ನೀನು ಉಳ್ಕಂಡೆ ಅನ್ನು" ಅಂದರು. ಈಗಲೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದಾರೆ.

ನಿನ್ನಪ್ಪ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡ. ಜನ ಕರಗಿದ ಮೇಲೆ, "ಅವ್ವಾ, ಗೋಡೆ ಮೇಲೆ ಬುದ್ಧ, ಬಾಬಾಸಾಹೇಬರು ಇಬ್ಬರೂ ನೋಡ್ತಾ ಅವ್ರೆ. ಅವ್ರ ಮುಂದೆ ನಿಂತ್ಕಂಡು ಕಾಗೆ ಅಂತೀಯಲ್ಲ. ಆ ಮಗೀಗೂ ಅದ್ನೇ ಕಲಿಸ್ದಲ್ಲ" ಅಂದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ. ಆ ಭಾನುವಾರ ಬುದ್ಧವಂದನೆ ಆದ ಮೇಲೆ ಮೂಢನಂಬಿಕೆ ಬಗ್ಗೆ ಭಾಷಣ ಮಾಡಿದ, ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿನ್ನ ಬರಹವನ್ನು ಅವನು ಇಂದಿಗೂ ಓದಿಲ್ಲ. ಅವನ ಲೆಕ್ಕದಲ್ಲಿ ಅದು ಕಾಗೆ ಶಾಸ್ತ್ರದ ಕಾಗದ, ಅದನ್ನು ಬೆರಳಲ್ಲೂ ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದಾನೆ. ಅವನ ಹಟ ನಿನ್ನನ್ನು ಕಾಪಾಡಿದೆ. ನಾಳೆ ಹಟ ಬಿಟ್ಟರೆ ಕಾಪಾಡುವುದಿಲ್ಲ.

ಅವನು ಓದಲಿಲ್ಲ, ನಾನು ಬಿಡುತ್ತೇನೆಯೆ? ಬಸ್‌ಸ್ಟ್ಯಾಂಡ್ ಪಕ್ಕ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳಲ್ಲ ವಾಣಿ, ಅವಳ ಹತ್ತಿರ ಹೋಗಿ ಕಂಪ್ಯೂಟರಿನಲ್ಲಿ ಪೂರ್ತಿ ತೆಗೆಸಿದೆ. "ಬೆಳಗಿನ ಜಗಲಿ" ಅನ್ನುವ ತಾಣ. ನಿನ್ನ ಬರಹದ ನೆತ್ತಿಯ ಮೇಲೆ "ಅತಿಥಿ ಬರಹ" ಅಂತ ಪಟ್ಟಿ. ವಾಣಿ ಗಿರಾಕಿಗಳನ್ನು ನಿಲ್ಲಿಸಿ ಜೋರಾಗಿ ಓದಿದಳು. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನನ್ನ ಸಾವಿನ ಕಥೆ ಕೇಳಿದೆ.

ಚೆನ್ನಾಗಿ ಬರೆದಿದ್ದೀಯ. ಸುಳ್ಳು ಹೇಳುವುದಿಲ್ಲ, ಒಂದು ಕಡೆ ನಾನೇ ಆ ಮುದುಕಿಗೆ ಅಯ್ಯೋ ಪಾಪ ಅಂದುಬಿಟ್ಟೆ. ಆದರೆ ಆ ಮುದುಕಿ ಯಾರೇ? ಬೆಳಗಾಗೆದ್ದು ದೇವರಮನೆಯಲ್ಲಿ ದೀಪ ಹಚ್ಚುತ್ತಾಳೆ. ನಮ್ಮ ಮನೆಯಲ್ಲಿ ದೇವರಮನೆ ಎಲ್ಲಿದೆ, ಆ ಜಾಗದಲ್ಲಿ ಇರುವುದು ನಿನ್ನಪ್ಪನ ಪುಸ್ತಕದ ಬೀರು. ಹಿತ್ತಾಳೆ ಚೊಂಬಿನಲ್ಲಿ ನೀರು ಕೊಡುತ್ತಾಳೆ, ಬೆಣ್ಣೆ ಕಾಯಿಸುತ್ತಾಳೆ, ತುಳಸಿಕಟ್ಟೆ ಸುತ್ತುತ್ತಾಳೆ. ಹೊಳೆ ನೀರು ಬೀದಿಗೆ ನುಗ್ಗಿದ ವರ್ಷ ನಾವೆಲ್ಲ ಸ್ಕೂಲಿನಲ್ಲಿ ಇದ್ದೆವಲ್ಲ, ಆಗ ಬೀದಿಯವರಿಗೆಲ್ಲ ನಾನು ಅಡುಗೆ ಮಾಡಿ ಹಾಕಿದ್ದನ್ನು ಬರೆದಿದ್ದೀಯ. ಅದು ನಿಜ. ಆದರೆ ನಾನು ಬೇಯಿಸಿದ್ದು ಕೋಳಿ ಅಂಗಡಿ ಶಿವಣ್ಣನ ಡಬರಿಯಲ್ಲಿ, ಬೂದಿ ಹಾಕಿ ಉಜ್ಜಿ ಉಜ್ಜಿ ಅಂಗೈ ಸುಲಿದಿತ್ತು. ಮಾಡಿದ್ದು ಒಣಮೀನಿನ ಸಾರು, ಅನ್ನ. ನೀನು ಡಬರಿಯನ್ನು ಹಿತ್ತಾಳೆ ಕೊಪ್ಪರಿಗೆ ಮಾಡಿದೆ, ಒಣಮೀನನ್ನು ತುಪ್ಪದ ಪೊಂಗಲು ಮಾಡಿದೆ. ಆವತ್ತು ಆ ಸಾರನ್ನು ಎರಡು ಸಲ ಬಡಿಸಿಕೊಂಡು ತಟ್ಟೆ ನೆಕ್ಕಿದವಳು ನೀನೇ, ಗೊತ್ತಿರಲಿ.

ಸಾಯಿಸಿದ್ದಕ್ಕೆ ನನಗೆ ಬೇಜಾರಿಲ್ಲ ಮಗಾ. ಈ ವಯಸ್ಸಿಗೆ ಯಾರಾದರೂ ಸಾಯಿಸುವವರೇ. ಯಾರ ಮನೆಯಲ್ಲಿ ಸಾಯಿಸಿದೆ ಅನ್ನುವುದೇ ಬೇಜಾರು. ಸತ್ತವರನ್ನು ಅವರ ಮನೆಯ ಮುಂದೆ ಮಲಗಿಸುತ್ತಾರೆ. ನನ್ನ ಹೆಣವನ್ನು ಎತ್ತಿಕೊಂಡು ಹೋಗಿ ಪರರ ಜಗಲಿಯ ಮೇಲೆ ಮಲಗಿಸಿದೆ. ಬದುಕಿದ್ದಾಗ ಆ ಜಗಲಿ ಹತ್ತಲು ಬಿಡದವರ ಮನೆ ಅದು.

ಆ ಬರಹದಲ್ಲಿ ನನ್ನ ಗುರುತು ನನಗೆ ಸಿಕ್ಕಿದ್ದು ಒಂದೇ ಸಾಲಿನಲ್ಲಿ. "ಅಜ್ಜಿ ಬಡಿಸುವಾಗ ಬಯ್ಯದಿದ್ದರೆ ನನಗೆ ಹೊಟ್ಟೆ ತುಂಬುತ್ತಿರಲಿಲ್ಲ" ಅಂತ ಬರೆದಿದ್ದೀಯಲ್ಲ, ಅಲ್ಲಿ. ವಾಣಿಗೆ ಆ ಸಾಲನ್ನು ಇನ್ನೊಂದು ಸಲ ಓದಿಸಿದೆ.

ಬೀದಿಯ ಸುದ್ದಿ ನಿನಗೂ ಮುಟ್ಟಿರಬೇಕು, ಮಾರನೆಯ ದಿನ ನೀನೇ ಫೋನು ಮಾಡಿದೆ. ಅಳುತ್ತಾ ಹೇಳಿದ್ದು ನೆನಪಿದೆಯೆ? ಮೊದಲು ನಮ್ಮ ಮನೆಯನ್ನು ಇದ್ದ ಹಾಗೇ ಬರೆದು ಎಲ್ಲೆಲ್ಲಿಗೋ ಕಳಿಸಿದೆ ಅಜ್ಜಿ, ಒಬ್ಬರೂ ಉತ್ತರ ಬರೆಯಲಿಲ್ಲ, ಮನೆ ಬದಲಾಯಿಸಿದೆ, ತಕ್ಷಣ ತಗೊಂಡರು ಅಂದೆ. ಜನ ಮುಗಿಬಿದ್ದು ಓದಿದರು, ಅಜ್ಜಿಯ ನೆನಪು ಅಂತಲೇ ಸಾಲಾಗಿ ಬರೆಯಿರಿ ಅಂದಿದ್ದಾರೆ, ಚೆನ್ನಾಗಿ ಬಂದರೆ ತಾಣದಲ್ಲೇ ಕೆಲಸ ಕೊಡುತ್ತಾರೆ, ಫ್ಯಾಕ್ಟರಿ ಬಿಟ್ಟುಬಿಡಬಹುದು ಅಂದೆ. ನಾನು ಒಂದೇ ಮಾತು ಕೇಳಿದೆ, ಯಾರ ಅಜ್ಜಿಯ ನೆನಪು ಅಂತ. ನೀನು ಫೋನು ಇಟ್ಟೆ. ಆವತ್ತು ಇಟ್ಟವಳು ಇನ್ನೂ ಎತ್ತಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಎತ್ತಿಟ್ಟಿದ್ದೆ, ಇರುವೆ ಮುತ್ತಿತು.

ಅತ್ತು ಹೇಳಿದ ಮಾತನ್ನು ನಾನು ತಳ್ಳಿಹಾಕಲಿಲ್ಲ. ನಿಜ ಬರೆದರೆ ತಗೊಳ್ಳುವುದಿಲ್ಲ ಅನ್ನುತ್ತಾಳಲ್ಲ ಈ ಹುಡುಗಿ, ನೋಡಿಯೇ ಬಿಡೋಣ ಅಂದುಕೊಂಡೆ. ವಾಣಿಯನ್ನು ಕೇಳಿದೆ, ಈ ಅತಿಥಿ ಆಗುವುದು ಹೇಗೆ ಅಂತ. ಅವಳು ತಾಣದ ಕಟ್ಟಳೆಗಳನ್ನು ಓದಿ ಹೇಳಿದಳು. ಬರಹ ಸ್ವಂತದ್ದಾಗಿರಬೇಕು, ಬೇರೆಲ್ಲೂ ಬಂದಿರಬಾರದು. ತೀರ ಉದ್ದ ಇರಬಾರದು. ಬರೆದವರ ಪರಿಚಯ ಎರಡು ಸಾಲು. ಒಪ್ಪಿಗೆಯಾದ ಮೇಲೆ ಒಂದು ಫೋಟೊ. ಕೊನೆಯಲ್ಲಿ ಬೇಕಾದರೆ ನಿಮ್ಮದೇ ತಾಣದ ಕೊಂಡಿ ಹಾಕಿಕೊಳ್ಳಬಹುದು, ಓದಿದವರು ಅದನ್ನು ಒತ್ತಿದರೆ ನಿಮ್ಮ ಕಡೆಗೆ ಬರುತ್ತಾರೆ, ಸುಮಾರು ಜನ ಬರೆಯುವುದೇ ಆ ಕೊಂಡಿಯ ಆಸೆಗೆ ಅಂದಳು. ನನಗೆ ಯಾವ ತಾಣ, ಬರುವವರು ನರಸೀಪುರದ ಬಸ್ಸು ಹತ್ತಿ ಬರಲಿ ಅಂದೆ.

ಅತಿಥಿ ಅಂದರೆ ನನಗೆ ಗೊತ್ತಿರುವುದು ಇಷ್ಟು. ನೆಂಟರ ಮನೆಗೆ ಹೋಗುವಾಗ ಕೈಯಲ್ಲಿ ನಮ್ಮ ಮನೆಯದೇ ಏನಾದರೂ ಹಿಡಿದು ಹೋಗಬೇಕು. ಹಿಡಿ ಹುರುಳಿಯಾದರೂ ಸರಿ, ನಾಲ್ಕು ನುಗ್ಗೆಕಾಯಿಯಾದರೂ ಸರಿ. ಅವರ ಹಿತ್ತಲಿನದನ್ನೇ ಕಿತ್ತು ಅವರಿಗೇ ಕೊಟ್ಟು, ಇದು ನಮ್ಮನೆಯದು ಅನ್ನಬಾರದು. ನೀನು ಮಾಡಿದ್ದು ಅದು.

ಅದಕ್ಕೇ ನಾನು ಹೊಳೆ ನೀರು ಬಂದ ವರ್ಷವನ್ನೇ ಬರೆದೆ, ಡಬರಿ, ಒಣಮೀನು ಎಲ್ಲ ಸೇರಿಸಿ. ನನ್ನ ಕೈಬರಹ ನೋಡಿಕೊಂಡು ವಾಣಿ ಟೈಪ್ ಮಾಡಿದಳು. ಸಾಕಮ್ಮ ಅಂತ ಹೆಸರು ಹಾಕಿ ಕಳಿಸಿದೆವು.

ಉತ್ತರ ಬಂತು. ತಾಣ ನೋಡಿಕೊಳ್ಳುವವಳು ನಂದಿತಾ ಅನ್ನುವ ಹೆಣ್ಣುಮಗಳು, ನಿನಗೇ ಗೊತ್ತಲ್ಲ. ಮರ್ಯಾದೆಯಾಗಿಯೇ ಬರೆದಿದ್ದಳು. ಏನಂತ ಗೊತ್ತೆ? ಮಾನ್ಯರೇ, ಈ ಪ್ರಸಂಗ ಇಂದ್ರಾಣಿಯವರ ಬರಹದಲ್ಲಿ ನಮ್ಮ ತಾಣದಲ್ಲೇ ಈಗಾಗಲೇ ಬಂದಿದೆ. ಪಾತ್ರೆ ಬದಲಾಯಿಸಿ, ಪೊಂಗಲಿನ ಜಾಗಕ್ಕೆ ಒಣಮೀನು ಹಾಕಿದ ಮಾತ್ರಕ್ಕೆ ಹೊಸ ಬರಹ ಆಗುವುದಿಲ್ಲ. ತೀರಿಹೋದ ಒಬ್ಬ ಹಿರಿಯರ ನೆನಪನ್ನು ಹೀಗೆ ತಮ್ಮದು ಮಾಡಿಕೊಳ್ಳುವುದು ಸರಿಯಲ್ಲ.

ನಾನು ಅಂಗಡಿಯಲ್ಲಿ ನಕ್ಕ ನಗುವಿಗೆ ಝೆರಾಕ್ಸಿಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ನನ್ನದನ್ನು ನಾನೇ ಕದ್ದೆನಂತೆ! ಸತ್ತ ನನ್ನಿಂದ ಬದುಕಿರುವ ನಾನು! ನಗು ನಿಂತ ಮೇಲೆ ಮಾತ್ರ ಉರಿಯಿತು. ವಾಣಿಗೆ ನನಗಿಂತ ಉರಿ. "ಅಜ್ಜಿ, ಒಂದೇ ಸಾಲ್ ಬರೀತೀನಿ. ಆ ಸತ್ತ ಅಜ್ಜೀನೇ ನಾನು, ಬೇಕಾದ್ರೆ ವಿಡಿಯೊ ಕಾಲ್ ಮಾಡಿ ಅಂತ. ಬರೀಲಾ?" ಅಂತ ಬೆರಳು ಇಟ್ಟುಕೊಂಡು ಕೂತಳು.

"ಬ್ಯಾಡ" ಅಂದೆ.

"ಯಾಕಜ್ಜಿ?"

"ಆ ಒಂದ್ ಸಾಲ್ಗೆ ನಮ್ ಮಗೀಗೆ ಬರೋ ಕೆಲ್ಸ ಓಯ್ತದೆ. ನಾನು ಬದ್ಕೋಕೆ ಅವ್ಳನ್ನ ಸಾಯಿಸ್ಲಾ?"

"ಅವ್ರು ನಿಮ್ಮನ್ನ ಸಾಯಿಸ್ಲಿಲ್ವಾ?"

"ಅವ್ಳು ಚಿಕ್ಕೋಳು. ನಾನ್ ಚಿಕ್ಕೋಳಾ?"

ಆ ನಂದಿತಾ ಮೇಲೆ ನನಗೆ ಸಿಟ್ಟಿಲ್ಲ. ಕದ್ದು ತಂದವರನ್ನು ಬಾಗಿಲಲ್ಲೇ ತಡೆಯುವ ಹೆಂಗಸು ಒಳ್ಳೆಯವಳೇ. ತಡೆಯಬೇಕಾದವರನ್ನು ಒಳಗೆ ಕೂರಿಸಿ ನನ್ನನ್ನು ತಡೆದಳು, ಅಷ್ಟೆ.

ಆ ತಾಣದ ಬಾಗಿಲಿಗೇ ಇನ್ನೊಂದು ಸಲ ಹೋಗುತ್ತೇನೆ, ನಿನಗೆ ಗೊತ್ತೇ ಇಲ್ಲದ ಒಂದನ್ನು ಕೈಯಲ್ಲಿ ಹಿಡಿದು ಹೋಗುತ್ತೇನೆ ಅಂತ ಆವತ್ತೇ ತೀರ್ಮಾನ ಮಾಡಿದೆ. ಚನ್ನಬಸಮ್ಮನೋರು ಬೀದಿಯಲ್ಲಿ ಅತ್ತ ಮಾತು ಅದು. ಈಗ ಹೇಳುತ್ತೇನೆ, ಕೇಳು.

ನಿನ್ನಪ್ಪ ಹುಟ್ಟುವುದಕ್ಕೆ ಮುಂಚೆ ನಾವು ಬಿಳಿಗೆರೆಯಲ್ಲಿ ಕೂಲಿಗಿದ್ದೆವು. ಅವರ ಹಿಪ್ಪುನೇರಳೆ ತೋಟದಲ್ಲಿ ನಾನು ಸೊಪ್ಪು ಕೊಯ್ಯಲು ಹೋಗುತ್ತಿದ್ದೆ. ಅವರು ಆ ಮನೆಗೆ ಹೊಸದಾಗಿ ಬಂದ ಸೊಸೆ, ಚೊಚ್ಚಲ ಬಸುರಿ. ಮನೆಯ ಊಟ ಬಾಯಿಗೆ ಸೇರದು, ವಾಂತಿ. ಒಂದು ದಿನ ನಾನು ಬೇಲಿ ಮಗ್ಗುಲಲ್ಲಿ ಬುತ್ತಿ ಬಿಚ್ಚಿದಾಗ, "ಏನೇ ಅದು ಸಾಕಿ, ಗಮ್ ಅಂತದೆ" ಅಂತ ಬಂದರು. ಮುದ್ದೆ, ಉಪ್ಪೆಸರು, ಹಸಿಮೆಣಸಿನಕಾಯಿ ಖಾರ. ಆ ಕಡೆ ಈ ಕಡೆ ನೋಡಿ, ನನ್ನ ಅಲ್ಯೂಮಿನಿಯಂ ತಟ್ಟೆಯನ್ನೇ ಎಳೆದುಕೊಂಡು ಉಂಡರು. ಅದು ಅವರ ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಹೆರಿಗೆಗೆ ತವರಿಗೆ ಹೋಗುವವರೆಗೂ ಅದೇ ಬೇಲಿ, ಅದೇ ತಟ್ಟೆ. ಉಂಡು ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಅವರ ಮನೆ ಹಿತ್ತಲಿಗೆ ನಾನು ಹೋದರೆ ನನಗೆ ನೀರು ಕೊಡುವ ಲೋಟ ಬೇರೆಯೇ ಇತ್ತು, ಆ ಲೋಟದಲ್ಲಿ ಅವರೇ ತಂದುಕೊಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ನಂಜನಗೂಡಿನ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಸಿಕ್ಕಿದ್ದೇವೆ, ಮಕ್ಕಳು ಮರಿ ಅಂತ ಎಷ್ಟು ಮಾತಾಡಿದ್ದೇವೆ. ಆ ಬೇಲಿಯ ಮಾತು ಮಾತ್ರ ಬರಲಿಲ್ಲ. ಅವರು ನನ್ನನ್ನು ಸಾಕಿ ಅನ್ನುವುದು, ನಾನು ಅವರನ್ನು ಚನ್ನಬಸಮ್ಮನೋರೇ ಅನ್ನುವುದು ನಡೆದೇ ಇತ್ತು.

ನಾನು ಸತ್ತೆ ಅಂತ ಕೇಳಿದ ಮೇಲೆ ಅದು ಬಾಯಿಗೆ ಬಂತು. ನಮ್ಮ ಬೀದಿಯಲ್ಲಿ, ಅಷ್ಟು ಜನ ಕೇಳುವ ಹಾಗೆ ಅವರು ಅತ್ತದ್ದು ಇದು.

"ಬಸ್ರಿ ಬಾಯ್ಗೆ ರುಚಿ ಕೊಟ್ಟೋಳೇ... ನನ್ ಸಾಕೀ... ನಿನ್ ತಟ್ಟೇಲಿ ಉಂಡೆ ಕಣವ್ವಾ... ನಿನ್ ಉಪ್ಪೆಸ್ರು ಉಂಡು ಮಗ ಎತ್ತೆ ಕಣವ್ವಾ... ಒಬ್ರಿಗೂ ಏಳ್ನಿಲ್ಲ ಕಣವ್ವಾ, ಇರೋ ಗಂಟ ಏಳ್ನಿಲ್ಲ ಕಣವ್ವಾ..."

ನಾನು ಹೊಸಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತು ಕೇಳಿದೆ, ಇಂದ್ರಾ. ಯಾರಿಗೆ ಸ್ವಂತ ಸಾವಿನ ಅಳು ಕೇಳುವ ಪುಣ್ಯ ಇರುತ್ತದೆ? ಅದನ್ನು ನನಗೆ ಕೇಳಿಸಿದವಳು ನೀನು. ನಿನ್ನ ಮೇಲಿನ ನನ್ನ ಸಿಟ್ಟು ಪೂರ್ತಿ ಆಗದೆ ಹೀಗೆ ಅರ್ಧಕ್ಕೆ ನಿಂತಿರುವುದು ಅದಕ್ಕೇ.

ಕಾಗೆಯ ಕಥೆ ಮುಗಿದು ಜನ ಹೋದ ಮೇಲೆ, ಒಳಗೆ ಬನ್ನಿ ಅಂದೆ. "ಅಷ್ಟ್ ಅತ್ತಿದ್ದೀನಿ, ಇನ್ನೂ ಬನ್ನಿ ಅಂತೀಯಲ್ಲ. ಬಾ ಅನ್ನು" ಅಂದರು. ನಾಲಿಗೆ ಹೊರಳಲಿಲ್ಲ. ನಿನ್ನಪ್ಪನಿಗೆ, ಬೀದಿಗೆ, ಊರಿಗೆ ಹೊರಳುವ ನಾಲಿಗೆ ಆವತ್ತು ಅಷ್ಟು ಚಿಕ್ಕ ಮಾತಿಗೆ ಹೊರಳಲಿಲ್ಲ. ಆಮೇಲೆ ಅಂದೆ, ಬಾ ಚನ್ನಿ. ಬಂದು ಹಜಾರದಲ್ಲಿ ಕಾಲು ಚಾಚಿ ನನ್ನ ಜೊತೆ ಅವರೆಕಾಯಿ ಬಿಡಿಸಿದಳು. ಮುದ್ದೆಗಿಟ್ಟೆ, ಉಪ್ಪೆಸರು ಮಾಡಿದೆ. ಬಡಿಸುವಾಗ, ಅವಳು ಉಣ್ಣುವುದನ್ನು ಯಾರೂ ನೋಡದಿರಲಿ ಅನ್ನುವ ಆ ಬೇಲಿಯ ಅಭ್ಯಾಸದ ಮೇಲೆ ಬಾಗಿಲು ಮುಂದಕ್ಕೆ ಎಳೆಯಲು ಎದ್ದೆ. "ಬಾಗ್ಲು ಆಕ್ಬ್ಯಾಡ ಬುಡು, ಸೆಕೆ" ಅಂದಳು. ಡಿಸೆಂಬರ್ ತಿಂಗಳಲ್ಲಿ ಸೆಕೆ! ಬಾಗಿಲು ತೆರೆದೇ ಉಂಡಳು.

ಇದನ್ನೇ ಬರೆದೆ. ಬರೆಯುವ ಮುಂಚೆ ಚನ್ನಿಗೆ ಫೋನು ಮಾಡಿ ಕೇಳಿದೆ, ನಿನ್ನ ಮಾತು, ನಿನ್ನ ಮನೆ ಮಾನ, ಬರೆಯಲೇ ಬೇಡವೇ ಅಂತ. "ಸತ್ತೋಳ್ ಮುಂದೆ ಏಳಿದ್ನ ಬದ್ಕಿದ್ದೋಳು ಬರುದ್ರೆ ಬ್ಯಾಡ ಅಂತೀನಾ? ಬರಿ. ನನ್ ಎಸ್ರೂ ಆಕು. ನನ್ ಸೊಸೇನೂ ಓದ್ಲಿ" ಅಂದಳು.

ನಾನು ಬದುಕಿರುವಾಗ ಸತ್ತ ಸುದ್ದಿ ಹೇಗೆ ಹಬ್ಬಿತು ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಕಾಗೆಯನ್ನೂ ಬರೆಯಲಿಲ್ಲ, ಯಾಕೆಂದರೆ ಅದು ಸುಳ್ಳು, ನಿನಗೆ ಒಂದು ನನಗೆ ಒಂದು ನ್ಯಾಯ ಇಲ್ಲ. ನಿನ್ನನ್ನೂ ಬರೆಯಲಿಲ್ಲ. "ಸುದ್ದಿ ಹೇಗೆ ಹುಟ್ಟಿತು ಅನ್ನುವುದನ್ನು ಹೇಳಬೇಕಾದವರು ಬೇರೆ ಇದ್ದಾರೆ" ಅಂತ ಒಂದು ಸಾಲು ಹಾಕಿ ಮುಂದೆ ಹೋದೆ.

ಈ ಸಲ ನಂದಿತಾ ತಳ್ಳಲಿಲ್ಲ. ತಿದ್ದುಪಡಿ ಕೇಳಿದಳು. ಅಲ್ಯೂಮಿನಿಯಂ ತಟ್ಟೆ ಚೆನ್ನಾಗಿ ಕಾಣುವುದಿಲ್ಲ, ಮುತ್ತುಗದ ಎಲೆ ಅಂತ ಮಾಡಲೇ ಅಂದಳು. ಕೊನೆಯಲ್ಲಿ ಓದುಗರಿಗೆ ಒಂದು ಸಂದೇಶ ಬೇಕು ಅಂದಳು. ಪೇಟೆಯವರಿಗೆ ಉಪ್ಪೆಸರು ಗೊತ್ತಿಲ್ಲ, ಸೊಪ್ಪು ಕಾಳು ಬೆಂದ ನೀರಿನ ಸಾರು ಅಂತ ಒಂದು ಮಾತು ಸೇರಿಸಿ ಅಂದಳು. ಕೊನೆಯದು ಸರಿ ಅನ್ನಿಸಿತು, ಸೇರಿಸಿದೆ. ಮಿಕ್ಕದ್ದಕ್ಕೆ ವಾಣಿ ಕೈಯಲ್ಲಿ ಹೀಗೆ ಬರೆಸಿದೆ. ತಾಯಿ, ಎಲೆಯಾಗಿದ್ದರೆ ಉಂಡು ಎಸೆಯಬಹುದಿತ್ತು. ತಟ್ಟೆಯಾದ್ದರಿಂದ ಅವಳು ಉಂಡದ್ದನ್ನು ನಾನು ತೊಳೆದೆ, ಮಾರನೆಯ ದಿನ ನಾನು ಉಂಡದ್ದರಲ್ಲಿ ಅವಳು ಉಂಡಳು. ತಟ್ಟೆ ತೆಗೆದರೆ ಬರಹವನ್ನೂ ತೆಗೆದುಬಿಡಿ. ಸಂದೇಶ ಬೇಕಾದವರು ಅವರವರ ಹಿತ್ತಲಿನಲ್ಲಿ ಆ ಬೇರೆ ಲೋಟ ಎಲ್ಲಿದೆ ಅಂತ ಹುಡುಕಿಕೊಳ್ಳಲಿ.

ಸುಮಾರು ದಿನ ಸದ್ದಿಲ್ಲ. ಆಸೆ ಬಿಟ್ಟು ಮೂರನೆಯದು ಬರೆಯಲು ಕೂತಿದ್ದೆ. ಹೋದ ಶುಕ್ರವಾರ ವಾಣಿ ಅಂಗಡಿ ಬಾಗಿಲು ಎಳೆದುಕೊಂಡು ಮನೆಗೇ ಓಡಿ ಬಂದಳು. ತಟ್ಟೆ ಇರಲಿ ಅಂತ ಉತ್ತರ ಬಂದಿದೆ. ಬರಹ ಒಪ್ಪಿಗೆ, ಫೋಟೊ ಕಳಿಸಿ ಅಂದಿದ್ದಾಳೆ.

ಈಗ ನಿನಗೆ ಅರ್ಥವಾಗಿರಬೇಕು. ಫೋಟೊ ಹೋದರೆ ನಂದಿತಾಗೆ ನನ್ನ ಮುಖ ಗೊತ್ತಾಗುತ್ತದೆ. ಆ ಮುಖವನ್ನು ನೀನು ಮೊದಲೇ ಅವಳಿಗೆ ಕಳಿಸಿದ್ದೀಯ, ಹೋದ ಶ್ರಾವಣದಲ್ಲಿ ತೀರಿಕೊಂಡವಳು ಅಂತ. ಅದಕ್ಕೇ ಫೋಟೊ ಹಿಡಿದಿಟ್ಟುಕೊಂಡಿದ್ದೇನೆ. ಬರುವ ಸೋಮವಾರದ ತನಕ ಹಿಡಿದಿರುತ್ತೇನೆ. ಆಮೇಲೆ ವಾಣಿ ಕಳಿಸುತ್ತಾಳೆ. ಅಳು, ಫೋನು, ನಿನ್ನಮ್ಮನ ಶಿಫಾರಸು ಯಾವುದಕ್ಕೂ ಅದು ನಿಲ್ಲುವುದಿಲ್ಲ.

ಅಷ್ಟರೊಳಗೆ ನೀನೇ ಅವಳಿಗೆ ಬರೆ. ಅಜ್ಜಿ ಬದುಕಿದ್ದಾಳೆ, ದೇವರಮನೆ ಇಲ್ಲ, ಡಬರಿ ಕೋಳಿ ಅಂಗಡಿಯದು ಅಂತ ಬರೆ. ಯಾಕೆ ಹಾಗೆ ಬರೆದೆ ಅನ್ನುವುದನ್ನೂ ಬರೆ. ನಿಜ ಕಳಿಸಿದಾಗ ಒಬ್ಬರೂ ಉತ್ತರ ಕೊಡಲಿಲ್ಲ ಅಂತ ನನ್ನ ಹತ್ತಿರ ಅತ್ತೆಯಲ್ಲ, ಅದನ್ನು ಅವಳಿಗೆ ಹೇಳು, ಕೇಳಬೇಕಾದವಳು ಅವಳು. ಕೆಲಸ ಹೋಗಬಹುದು. ಹೋದರೆ ಹೋಗಲಿ ಅಂತ ನಾನು ಸಲೀಸಾಗಿ ಹೇಳುವುದಿಲ್ಲ, ಆ ಫ್ಯಾಕ್ಟರಿಯಲ್ಲಿ ದಿನವೆಲ್ಲ ಸೊಂಟ ಹಿಡಿಸಿಕೊಂಡು ಕೂರುವವಳು ನೀನು, ನಾನಲ್ಲ. ಆದರೆ ಆ ಕೆಲಸ ಸಿಕ್ಕರೆ ಏನು ಮಾಡಬೇಕು ಯೋಚಿಸು. ವಾರವಾರ ಆ ಬೇರೆ ಮುದುಕಿಗೆ ದೀಪ ಹಚ್ಚಿಸಬೇಕು, ತುಪ್ಪ ಕಾಯಿಸಬೇಕು. ನಾನು ಫೋನಿನಲ್ಲಿ ಕೆಮ್ಮಿದರೂ ನೀನು ಯಾರೂ ಕೇಳಿಸಿಕೊಳ್ಳದ ಹಾಗೆ ಎದ್ದು ಹೊರಗೆ ಹೋಗಬೇಕು. ಎಷ್ಟು ದಿನ ಹೋಗುತ್ತೀಯ?

ನಿನ್ನಪ್ಪನಿಗೆ ನಾನು ಏನೂ ಹೇಳುವುದಿಲ್ಲ. ನನ್ನ ತಲೆಯ ಮೇಲೆ ಒಂದು ಕಾಗೆ ಕೂತಿದೆ, ಅವನು ಅದನ್ನೇ ನೋಡಿಕೊಂಡು ನನ್ನನ್ನು ತಪ್ಪು ತಿಳಿದಿದ್ದಾನೆ. ಅದನ್ನು ಕೂರಿಸಿಕೊಂಡದ್ದು ನಿನಗೋಸ್ಕರ. ಹಾರಿಸಬೇಕಾದವಳು ನೀನು. ಮನೆಗೆ ಬಾ, ಅವನೆದುರು ನಿಂತು ಹೇಳು. ಕೂಗಾಡುತ್ತಾನೆ. ಆಮೇಲೆ ನಿನ್ನ ಬರಹ ತೆಗೆದು ಓದುತ್ತಾನೆ. ಮೇಷ್ಟ್ರು ಬುದ್ಧಿ, ಅಲ್ಲಲ್ಲಿ ತಿದ್ದುತ್ತಾನೆ. ಒಣಮೀನಿನ ಸಾರು ಮಾಡಿಡುತ್ತೇನೆ, ಎರಡು ಸಲ ಬಡಿಸುತ್ತೇನೆ, ಎರಡು ಸಲವೂ ಬಯ್ಯುತ್ತೇನೆ.

ನೀನು ಬರೆದರೂ ಬರೆಯದಿದ್ದರೂ ನಾನು ಬರೆಯುವುದು ನಿಲ್ಲಿಸುವುದಿಲ್ಲ. ಮೂರನೆಯದು ಅರ್ಧ ಆಗಿದೆ.

ನಿನ್ನನ್ನು ಎದುರು ನೋಡುತ್ತಿರುವ, ಹಾರ ಹಾಕದ ಫೋಟೊದ ನಿನ್ನ ಅಜ್ಜಿ,
ಸಾಕಮ್ಮ

ಮರೆತಿದ್ದೆ: ಬರೆದವರ ಪರಿಚಯ ಎರಡು ಸಾಲು ಬೇಕು ಅಂದಿದ್ದರಲ್ಲ. "ಸಾಕಮ್ಮ, ನರಸೀಪುರದವರು. ಬದುಕಿದ್ದಾರೆ" ಅಂತ ಬರೆಸಿದ್ದೇನೆ. ವಾಣಿ ಲೆಕ್ಕ ಹಾಕಿ, ಒಂದೇ ಸಾಲಾಯಿತಲ್ಲ ಅಜ್ಜಿ, ಇನ್ನೊಂದಕ್ಕೆ ಜಾಗ ಇದೆ ಅಂದಳು. ಒಂದು ಸಾಲು ನನ್ನ ಬಾಯಿಯಲ್ಲೇ ಇದೆ. "ಮೊಮ್ಮಗಳು ಇಂದ್ರಾಣಿ ಇವರಿಗಿಂತ ಚೆನ್ನಾಗಿ ಬರೆಯುತ್ತಾಳೆ" ಅಂತ. ಹಾಕಿಸಿಲ್ಲ. ಸೋಮವಾರದ ತನಕ ಅದು ಖಾಲಿ ಇರುತ್ತದೆ.